ಗೋದಲಿಗೆ ಹಿಮ

ಹಿಮಕ್ಕೆ ಬಂಗುಡೆಯ ವಾಸನೆ ಇರುತ್ತದೆ.
ಯಾರೂ ನಂಬುವುದಿಲ್ಲ, ಬಿಡಿ.

ತೊಟ್ಟಂನಲ್ಲಿ ನಮ್ಮ ಮನೆ. ಅಲ್ಲಿ ಡಿಸೆಂಬರಿನ ಚಳಿ ಅಂದರೆ
ಬೆಳಗಿನ ಐದಕ್ಕೆ ಬಂದು, ಚಾ ಕೂಡ ಕುಡಿಯದೆ
ಆರಕ್ಕೆ ಎದ್ದು ಹೋಗುವ ನೆಂಟ.
ಆಮೇಲೆ ಹಂಚು ಕಾಯುತ್ತದೆ, ಮರಳು ಕಾಯುತ್ತದೆ,
ಅಡುಗೆಮನೆಯಲ್ಲಿ ಎಣ್ಣೆ ಕಾಯುತ್ತದೆ.

ಕುಸ್ವಾರ್ ಶುರುವಾಯಿತೆಂದರೆ ಹೊಸ ಬಾಚಣಿಗೆ ಬರುತ್ತಿತ್ತು,
ಯಾರ ತಲೆಯನ್ನೂ ಕಾಣದ ಬಾಚಣಿಗೆ.
ಅದರ ಹಲ್ಲಿನ ಮೇಲೆ ಹಿಟ್ಟಿನ ಉಂಡೆ ಒತ್ತಿ
ಹೆಬ್ಬೆರಳಿನಿಂದ ಎಳೆದರೆ
ಸುರುಳಿ ಸುತ್ತಿಕೊಂಡು ಒಂದು ಕಿಡ್ಯೊ.
ಹಾಗೆ ಒಂದು ಸೇರು ಹುಳ ಹುಟ್ಟಿಸುವಷ್ಟರಲ್ಲಿ
ನನಗೂ ತಮ್ಮ ಬೆನ್ನನಿಗೂ ನಾಲ್ಕು ಜಗಳ.
ನೆವ್ರಿಯ ಅಂಚು ಮಡಚುತ್ತ ಮೊಂತಿನ್ ಮಾಂಯ್,
"ಬೆವರು ಬಿದ್ದರೆ ಬೀಳಲಿ, ಉಪ್ಪು ಕಮ್ಮಿ ಉಂಟು."

ಅಪ್ಪ, ಕಜೆತಾನ್, ಮಲ್ಪೆಯ ಐಸ್ ಪ್ಲಾಂಟಿನಲ್ಲಿ.
ಇಪ್ಪತ್ತು ವರ್ಷ ಗಡ್ಡೆ ಎತ್ತಿ, ಪುಡಿ ಗೋರಿ
ಬೆರಳ ತುದಿಗಳು ಸತ್ತುಹೋಗಿದ್ದವು.
ಬಾಣಲೆಯಿಂದ ಆಗಷ್ಟೇ ಇಳಿದ ನೆವ್ರಿಯನ್ನು
ಬರಿಗೈಯಲ್ಲಿ ಎತ್ತಿ, ನನ್ನ ಮುಖದ ಹತ್ತಿರ ಹಿಡಿದು
ಕೇಳುತ್ತಿದ್ದ: "ಬಿಸಿ ಉಂಟಾ, ನೋಡು?"
ನಮ್ಮ ಮನೆಯಲ್ಲಿ ಚಳಿಯ ಪರಿಚಯ
ಇದ್ದದ್ದು ಅವನೊಬ್ಬನಿಗೆ.

ಗೋದಲಿಯ ಹಿಮಕ್ಕೆ ಪ್ರತಿವರ್ಷ ದಿಂಬಿನ ಹತ್ತಿ.
ಆ ವರ್ಷ ಬೆನ್ನ ಕೇಳಿಯೇಬಿಟ್ಟ,
"ಹಿಮ ಅಂದರೆ ಎಂತದು? ದಿಂಬಾ?"
ತೆಂಗಿನಹಾಲು ಹಿಂಡುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.
"ಅದು ಕ್ಯಾಲೆಂಡರಿನಲ್ಲಿ ಮಾತ್ರ ಬೀಳುವುದು," ಅಂದಳು ಮಾಂಯ್.
ಅಪ್ಪ ಏನೂ ಹೇಳಲಿಲ್ಲ.

ಇಪ್ಪತ್ತನಾಲ್ಕರ ಸಂಜೆ ಸೈಕಲ್ಲಿನ ಹಿಂದೆ
ಥರ್ಮಾಕೋಲ್ ಪೆಟ್ಟಿಗೆ ಕಟ್ಟಿಕೊಂಡು ಬಂದ.
ಓಣಿಯುದ್ದಕ್ಕೂ ತೊಟ್ಟಿಕ್ಕಿದ ಗೆರೆ,
ಗೆರೆಯ ಹಿಂದೆ ಬೆಕ್ಕು.
"ಸಾಧು ಕುಂದರ್ ಬೋಟಿನ ಪೆಟ್ಟಿಗೆ.
ಮೂರು ಸಲ ತೊಳೆದಿದ್ದೇನೆ."
ಮೂರು ಸಲ ಸಾಲಲಿಲ್ಲ.

ಹಿಡಿಹಿಡಿಯಾಗಿ ಸುರಿದೆವು.
ಕುರಿಗಳ ಬೆನ್ನಿಗೆ, ಕಾಲು ಮುರಿದ ಒಂಟೆಗೆ,
ಹದಿನೈದು ದಿನದ ಹಿಂದೆ ಕರಟದಲ್ಲಿ ಬಿತ್ತಿದ
ಭತ್ತದ ಹಸಿರು ತುದಿಗೆ.
ನಕ್ಷತ್ರದ ಕೆಂಪು ಕಾಗದದಿಂದ ಬೆಳಕು ಇಳಿದು
ಎಲ್ಲವೂ ಕಲ್ಲಂಗಡಿಯ ಬಣ್ಣಕ್ಕೆ ತಿರುಗಿತು.
ಬೆನ್ನ ಅಂಗೈ ಇಟ್ಟು ಕಿರುಚಿದ: "ಸುಡ್ತದೆ!"
ಅಪ್ಪ ನಕ್ಕ. "ಹೌದು, ಮೊದಮೊದಲು ಸುಡ್ತದೆ."

ಬಫಾತಿನ ಪಾತ್ರೆ ಮುಚ್ಚಿಟ್ಟು,
ಸನ್ನದ ಹಿಟ್ಟು ಸೆಕೆಗೆ ಉಕ್ಕಿ
ಮುಚ್ಚಳ ಎತ್ತುತ್ತಿರುವಾಗಲೇ ಇಗರ್ಜಿಗೆ ನಡೆದೆವು.
ನೈಲಾನ್ ಫ್ರಾಕು ಬೆನ್ನಿಗೆ ಅಂಟಿಕೊಂಡಿತ್ತು.
ಗಾಯನದ ನಡುವೆ ಬೆನ್ನ ಎರಡು ಸಲ ಪಿಸುಗುಟ್ಟಿದ,
"ಅದು ಇನ್ನೂ ಇರಬಹುದಾ?"

ಇರಲಿಲ್ಲ.
ಕುರುಬರು ಮೊಣಕಾಲು ಮಟ್ಟದ ನೀರಿನಲ್ಲಿ.
ಒಬ್ಬ ರಾಯ ಮುಖ ಅಡಿಯಾಗಿ ಬಿದ್ದು
ನಿಲುವಂಗಿಯ ನೀಲಿಯೆಲ್ಲ ಬಿಟ್ಟುಕೊಟ್ಟಿದ್ದ.
ಎತ್ತಿಗೂ ಕತ್ತೆಗೂ ನಡುವೆ ಬೆಕ್ಕು ಕೂತು
ಬೆತ್ಲೆಹೇಮನ್ನು ನೆಕ್ಕುತ್ತಿತ್ತು.

ಸೆರಗಿನಲ್ಲಿ ಸುತ್ತಿ ತಂದಿದ್ದ ಬಾಲಯೇಸುವನ್ನು
ಹಿಡಿದುಕೊಂಡೇ ನಿಂತಳು ಅಮ್ಮ.
"ಒದ್ದೆ ಹುಲ್ಲಿನಲ್ಲಿ ಮಗುವನ್ನು ಮಲಗಿಸುವುದುಂಟಾ?
ನಿಮಗೆಲ್ಲ ಬುದ್ಧಿ ಎಲ್ಲಿ ಹೋಯಿತು?"
ಒಳಗೆ ಹೋಗಿ, ಇನ್ನೂ ಬೆಚ್ಚಗಿದ್ದ ಒಲೆಯ ಪಕ್ಕ,
ನೆರೆಮನೆಗಳಿಗೆಂದು ಸಾಲಾಗಿ ಇಟ್ಟಿದ್ದ ಕುಸ್ವಾರ್ ತಟ್ಟೆಗಳ ನಡುವೆ
ಬಾಳೆಲೆ ಹಾಸಿ ಮಲಗಿಸಿದಳು.

ಮರುದಿನ ಮೊದಲ ತಟ್ಟೆ ಕುಂದರ್ ಮನೆಗೆ.
"ಐಸ್ ಸಾಕಾಯ್ತಾ?" ಕೇಳಿದ ಸಾಧು.
"ಸಾಕಾಯ್ತು," ಅಂದ ಅಪ್ಪ. "ಎರಡು ಗಂಟೆ ಇತ್ತು."

ಮೂವರು ರಾಯರ ಹಬ್ಬ ಕಳೆದು ಗೋದಲಿ ಬಿಚ್ಚುವಾಗ
ಬೇರೆ ಕರಟಗಳ ಪೈರು ಹಳದಿ ತಿರುಗಿತ್ತು.
ಮುಂದಿನ ಒಂದು ಮಾತ್ರ, ಮೀನಿನ ನೀರು ಕುಡಿದದ್ದು,
ಗೇಣುದ್ದ ಎದ್ದು ನಿಂತಿತ್ತು.
ಅಪ್ಪ ಅದನ್ನು ಅಂಗಳಕ್ಕೆ ತಂದು
ಬಾವಿಕಟ್ಟೆಯ ಮೇಲಿಟ್ಟ, ಮಧ್ಯಾಹ್ನದವರೆಗೆ ಮರೆತ.
ಆಮೇಲೆ ಬೆರಳು ಒಳಗಿಟ್ಟು ಸ್ವಲ್ಪ ಹೊತ್ತು ಕೂತ.
ನನ್ನನ್ನು ಕರೆದ.
"ಮಣ್ಣು ತಣ್ಣಗೆ ಉಂಟಾ, ನೋಡು?"

ಉಂಟು, ಅಂದೆ.
ಬಿಸಿಲಿಗೆ ಕಾದಿತ್ತು.