ಒಡಕು ಗಂಟೆಯ ಮೇಲೊಂದು ದೂರು

ರಾತ್ರಿ ಎರಡೂಕಾಲು. ದುಮಗೆತೆ ಊರಿನ ಮೂರನೇ ಮಹಡಿ.
ಬೆಳ್ಳುಳ್ಳಿ ಅನ್ನದ ಡಬ್ಬಿ ಇನ್ನೂ ಬಿಚ್ಚಿಲ್ಲ.
ಒಂದು ದೂರಿಗೆ ತೊಂಬತ್ತು ಸೆಕೆಂಡು,
ಅಷ್ಟರಲ್ಲಿ ಓದಬೇಕು, ತೂಗಬೇಕು, ಒತ್ತಬೇಕು:
ಇರಲಿ, ಇಲ್ಲವೇ ತೆಗೆ.
ಪತ್ರದ ಕೊನೆಗೆ ನನ್ನ ಹೆಸರಿರುವುದಿಲ್ಲ.
'ಇಂತಿ, ತಂಡ' ಎಂದಿರುತ್ತದೆ.
ತಂಡವೆಂದರೆ ನಾನು, ಕ್ರಿಸಾಂತೊ,
ಮತ್ತು ಗೊರಕೆ ಹೊಡೆಯುವ ಏಸಿ.

ಇಂದಿನ ಎಂಬತ್ತೇಳನೆಯದು
ರಾಟರ್‌ಡ್ಯಾಮಿನ ಕಂಪನಿಯದು. ನಿದ್ದೆ ಮಾರುವ ವ್ಯಾಪಾರ.
ಮಳೆ, ತೊರೆ, ಬೆಕ್ಕಿನ ಗುರುಗುರು, ದೂರದ ಗಂಟೆ,
ತಿಂಗಳಿಗೆ ಇಷ್ಟು ಯೂರೋ, ಮೊದಲ ವಾರ ಪುಕ್ಕಟೆ.
ಅವರ 'ಗಾಢ ನಿದ್ರೆ ಹದಿನಾಲ್ಕ'ನ್ನು
ಯಾರೋ ಕದ್ದು ಹಾಕಿಕೊಂಡಿದ್ದಾರಂತೆ.
ಯಂತ್ರ ಹೋಲಿಸಿ ನೋಡಿದೆ: ನೂರಕ್ಕೆ ತೊಂಬತ್ತಾರು ಪಾಲು ಒಂದೇ.
ಅಲೆಯ ಮೇಲೆ ಅಲೆಯಿಟ್ಟರೆ ಕೂದಲೆಳೆಯಷ್ಟೇ ಆಚೀಚೆ.
ತೆಗೆದೆ.
ನಲವತ್ತು ಸೆಕೆಂಡು ಉಳಿಯಿತು. ನೀರು ಕುಡಿದೆ.

ಮೂರನೇ ದಿನ ಮರುಮನವಿ ಬಂತು,
ಅಸೋರಿಸ್ ದ್ವೀಪದಿಂದ, ಯಂತ್ರ ಅನುವಾದಿಸಿದ ಕುಂಟುಮಾತಿನಲ್ಲಿ.
ಬೆಲ್ಮಿರೊ. ವಯಸ್ಸು ಎಪ್ಪತ್ತೊಂದು. ಕಸುಬು, ಹಗ್ಗ ಎಳೆಯುವುದು.
ಕೃತಿಯ ಒಡೆಯರು ಯಾರು? ನಮೂನೆ ಕೇಳುತ್ತದೆ.
'ಚರ್ಚು. ಅದಕ್ಕೂ ಮುಂಚೆ ತಾಮ್ರ, ತವರ.'
ಒಡೆಯರ ಒಪ್ಪಿಗೆ ಪತ್ರ ಲಗತ್ತಿಸಿ.
'ಪಾದ್ರಿಗಳ ಹಸು ಈಯುತ್ತಿದೆ. ನಾಳೆ ಕೇಳುತ್ತೇನೆ.'
ತೆಗೆದದ್ದು ತಪ್ಪೆಂದು ಏಕೆ ನಂಬುತ್ತೀರಿ?
ಆ ಚೌಕದಲ್ಲಿ ಅಕ್ಷರಗಳಿಗೂ ಮಿತಿಯುಂಟು.

'ನೀವು ಯಾರೋ ನನಗೆ ಗೊತ್ತಿಲ್ಲ.
ಭೂಮಿ ನಡುಗಿದ ವರ್ಷ ನಮ್ಮ ಗಂಟೆ ಸೀಳಿತು.
ಅಂದಿನಿಂದ ಮೂರನೇ ಹೊಡೆತದ ಬೆನ್ನಿಗೆ
ಹಲ್ಲು ಬಿದ್ದವರ ನಗೆಯಂತೆ ಒಂದು ಉಸಿರು ಸೋರುತ್ತದೆ.
ಆರು ವರ್ಷದ ಕೆಳಗೆ ಇಬ್ಬರು ಹುಡುಗರು ಬಂದಿದ್ದರು,
ತುಪ್ಪಳ ಹೊದಿಸಿದ ಮೈಕು ಹಿಡಿದು.
ನಾನೇ ಬಾರಿಸಿದೆ. ಚೀಸು ಕೊಟ್ಟೆ.
ಅವರ ಗಂಟೆಯಲ್ಲಿ ಇರುವುದು ನನ್ನ ಕೈ.
ನನ್ನ ಕೈಯನ್ನು ನಾನು ಯಾರ ಮನೆಯಿಂದ ಕದ್ದೆ?
ಮೊನ್ನೆ ಬಾರಿಸಿದ್ದು ದಿಯೊಲಿಂದಾಳ ಸಾವಿಗೆ.
ಅವಳ ತಂಗಿ ಪಕ್ಕದ ದ್ವೀಪದಲ್ಲಿ ಹಾಸಿಗೆ ಹಿಡಿದಿದ್ದಾಳೆ,
ದೋಣಿ ಹತ್ತಲಾರಳು. ಅವಳಾದರೂ ಕೇಳಲೆಂದು
ಮೊಮ್ಮಗ ಫೋನು ಹಿಡಿದ, ನಾನು ಹಗ್ಗ ಹಿ'

ಅಲ್ಲಿಗೆ ಚೌಕ ತುಂಬಿತು.

ನಮ್ಮ ಚರ್ಚಿನ ಪಕ್ಕದಲ್ಲೂ ಒಂದು ಗಂಟೆಗೋಪುರ,
ಪಾಚಿಗಟ್ಟಿದ ಹವಳದ ಕಲ್ಲು.
ಕಡಲ್ಗಳ್ಳರ ಹಾಯಿ ಕಂಡರೆ ಬಾರಿಸಲೆಂದು ಕಟ್ಟಿದ್ದು.
ಗಂಟೆ ಕೇಳಿದರೆ ಕೂಸನ್ನೆತ್ತಿಕೊಂಡು ಗುಡ್ಡಕ್ಕೆ ಓಡು,
ಎಂದು ಅವಳ ಅಜ್ಜಿ ನನ್ನ ಅಜ್ಜಿಗೆ ಹೇಳಿದ್ದಳಂತೆ.
ಕಳ್ಳರು ಬಂದರೆಂದು ಕೂಗಬೇಕಾದ ಗಂಟೆಯನ್ನೇ
ಈಗ ಕಳ್ಳನೆಂದು ಹಿಡಿದು ತಂದಿದ್ದಾರೆ.
ನಾನು ಠಾಣೆಯ ರೈಟರು.

ಕ್ರಿಸಾಂತೊ ಹೆಗಲ ಮೇಲಿಂದ ಬಗ್ಗಿ ನೋಡಿದ.
ಸರಳ. ಮನವಿಯನ್ನು ಕಂಪನಿಗೆ ಕಳಿಸು.
ಹದಿನಾಲ್ಕು ಕೆಲಸದ ದಿನ ಕಾಯಿ.
ಅವರು ಕೋರ್ಟಿಗೆ ಹೋಗದಿದ್ದರೆ ಮತ್ತೆ ಹಾಕು.
ಭಾನುವಾರ ಲೆಕ್ಕಕ್ಕಿಲ್ಲ.
ಗಂಟೆಗೆ ಭಾನುವಾರವೇ ಅಲ್ಲವೇನೋ ಕೆಲಸ, ಅಂದೆ.
ಅವನು ಆಗಲೇ ಹೆಡ್‌ಫೋನು ಏರಿಸಿಕೊಂಡಿದ್ದ.

ಕಾದೆ. ಕಂಪನಿ ಉತ್ತರಿಸಲಿಲ್ಲ.
ಅಲ್ಲೂ ದೂರು ಬರೆದದ್ದು ಯಂತ್ರವೇ ಇರಬೇಕು,
ಅದಕ್ಕೆ ನಿದ್ದೆಯೂ ಇಲ್ಲ, ನಾಚಿಕೆಯೂ ಇಲ್ಲ.
ಹದಿನೈದನೆಯ ರಾತ್ರಿ 'ಇರಲಿ' ಒತ್ತಿದೆ.
ಕೇಳಲೇಬೇಕೆಂದು ನಿಯಮವಿಲ್ಲ. ಆದರೂ ಕೇಳಿದೆ.
ಒಂದು. ಎರಡು. ಮೂರು.
ಬೆನ್ನಿಗೆ ಆ ಸೋರುವ ಉಸಿರು.
ಆಮೇಲೆ ಮೊಮ್ಮಗನ ಕೆಮ್ಮು, ಯಾರದೋ ನಾಯಿ,
ಕಲ್ಲಿನ ಮೇಲೆ ಮುದಿ ಚಪ್ಪಲಿ ಎಳೆದ ಸದ್ದು.
ಕಂಪನಿಯ ನಿದ್ದೆಯಲ್ಲಿ ಇವಿಲ್ಲ.
ಆ ಉಳಿದ ನಾಲ್ಕು ಪಾಲು ಇವೇ.

ತಂಗಿ ಇದ್ದಾಳೋ, ಇಲ್ಲವೋ.
ಕೇಳಲು ನನ್ನ ನಮೂನೆಯಲ್ಲೂ ಜಾಗವಿಲ್ಲ.
ನೋಡಿದವರು: ಒಬ್ಬರು. ಅದು ನಾನು.
'ಆದ ತೊಂದರೆಗೆ ವಿಷಾದವಿದೆ. ಇಂತಿ, ತಂಡ.'
ಪತ್ರ ತಾನಾಗಿ ಹೋಯಿತು.

ಡಬ್ಬಿ ಬಿಚ್ಚಿದೆ, ಅನ್ನ ತಣ್ಣಗಾಗಿತ್ತು.
ಪರದೆಯ ಮೇಲೆ ಮುಂದಿನದು:
ಯಾರದೋ ಹುಂಜ ಕೂಗಿದೆ, ಇನ್ಯಾರೋ ತಮ್ಮದೆನ್ನುತ್ತಿದ್ದಾರೆ.
ಕಿಟಕಿಯಾಚೆ ಕತ್ತಲಲ್ಲಿ ನಮ್ಮೂರಿನವೂ ಶುರುಮಾಡಿದವು,
ಯಾರನ್ನೂ ಕೇಳದೆ.