ನೀರಿನ ಪಾಲು

ಮರ್ಗಿಲಾನಿನ ಒಂದು ಅಂಗಳ, ಹಿಪ್ಪುನೇರಳೆಯ ನೆರಳು.
ಎರಡು ಗೂಟಗಳ ನಡುವೆ ಬಿಗಿದ ರೇಷ್ಮೆ
ಇನ್ನೂ ಬಟ್ಟೆಯಾಗಿಲ್ಲ, ಬರೀ ಎಳೆ.
ಅದರ ಮೇಲೆ ಮಸಿಯದ್ದಿದ ಕಡ್ಡಿಯಿಂದ
ಮಿರ್ಜೋಹಿದ್ ಅಕಾ ಗೀರುತ್ತಾರೆ
ಒಂದು ಬಾದಾಮಿ, ಪಕ್ಕದಲ್ಲೊಂದು ಬಾಚಣಿಗೆ,
ಆಮೇಲೆ, ಏನೋ ನೆನಪಾದವರಂತೆ, ಚೇಳಿನ ಬಾಲ.

ನಾನು ಪ್ರಶ್ನೆ ಬರೆದುಕೊಂಡು ಹೋಗಿದ್ದೆ, ಹದಿನಾಲ್ಕು.
ಮೊದಲನೆಯದು: ಸೃಜನಶೀಲತೆ ಎಂದರೆ ನಿಮಗೇನು?
ಓಯ್‌ಗುಲ್ ಅದನ್ನು ಉಜ್ಬೆಕ್ಕಿಗೆ ತಿರುಗಿಸಹೊರಟು
ಅರ್ಧಕ್ಕೆ ನಿಂತು ನಕ್ಕಳು.
'ಏನು ಮಾಡ್ತಾ ಇದ್ದೀರಿ ಅಂತಷ್ಟೇ ಕೇಳಲಾ?'
'ಮೋಡ ಕಟ್ಟುತ್ತಿದ್ದೇನೆ' ಅಂದರು ಅಕಾ, ತಲೆಯೆತ್ತದೆ.

ಕಸುಬಿನ ಹೆಸರೇ ಅದಂತೆ.
ಗೀರಿದಲ್ಲೆಲ್ಲ ಹತ್ತಿನೂಲು ಸುತ್ತಿ ಬಿಗಿಯುವುದು.
ಕಟ್ಟಿದ್ದು ಬಣ್ಣ ಕುಡಿಯುವುದಿಲ್ಲ,
ಬಿಟ್ಟದ್ದು ಕುಡಿಯುತ್ತದೆ.

ನನ್ನ ನುಡಿಯಲ್ಲಿ ಮನೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ,
ಗೆಜ್ಜೆ, ಹರಕೆ, ಇಲ್ಲದ ಕತೆ,
ಕೊನೆಗೆ ಪದವನ್ನೂ ಕಟ್ಟಿಯೇ ಹಾಡುತ್ತೇವೆ
ಎಂದು ಹೇಳೋಣವೆನಿಸಿತು, ಹೇಳಿದೆ.
ಅದು ಓಯ್‌ಗುಲ್ ಬಾಯಿ ದಾಟಿ ಅವರ ಕಿವಿ ಮುಟ್ಟುವಷ್ಟರಲ್ಲಿ
'ಅವರ ಊರಲ್ಲೂ ಗಂಟು ಹಾಕ್ತಾರಂತೆ' ಎಂದಾಗಿತ್ತು.
ಅಕಾ ತಲೆದೂಗಿದರು.
ಅಷ್ಟು ಸಾಕಿತ್ತು.

ಚಹಾ ಬಂತು. ಬಟ್ಟಲಿನ ತಳ ಮುಳುಗುವಷ್ಟೇ ಸುರಿದರು;
ತುಂಬಿಸಿ ಕೊಟ್ಟರೆ ಬೇಗ ಹೊರಡು ಎಂದ ಹಾಗೆ.
ಗೋಡೆಗೆ ತೂಗಿದ ಹಳೆಯ ನಿಲುವಂಗಿ ತೋರಿಸಿ ಕೇಳಿದೆ:
ಈ ಹೂವಿನ ಅಂಚೆಲ್ಲ ಏಕೆ ಕಲಸಿಹೋಗಿದೆ?

'ನನ್ನ ಕೈ ಗೀರಿನವರೆಗೆ.
ಗಂಟಿನಡಿ ನುಸುಳಿದ್ದು ನೀರಿನ ಪಾಲು.
ಅದನ್ನೂ ನಾನೇ ಇಟ್ಟುಕೊಂಡರೆ
ನಾಳೆ ಕಾಲುವೆ ಈ ಬಾಗಿಲಿಗೆ ಬಂದೀತೇ?'

ಓಯ್‌ಗುಲ್ ತಾಷ್ಕೆಂಟಿನಲ್ಲಿ ಪರದೆಯ ಮೇಲೆ ಚಿತ್ತಾರ ಬರೆಯುತ್ತಾಳೆ.
ಅಲ್ಲಿ ಅಂಚು ಬ್ಲೇಡಿನಷ್ಟು ಚೂಪು,
ಒಂದು ಗುಂಡಿ ಒತ್ತಿದರೆ ಮಸುಕು, ಬೇಕಾದಷ್ಟು.
ಇದನ್ನವಳು ನನಗೆ ಮಾತ್ರ ಕೇಳುವಂತೆ ಹೇಳಿದ್ದು.
ಮುದುಕರಿಗೆ ಗೊತ್ತೇ ಇತ್ತು:
'ನಿನ್ನ ಆ ಮಸುಕು ಯಾವ ಕಾಲುವೆಯದು ಮಗಳೇ?'

ಅವಳ ಕಿವಿ ಕೆಂಪೇರಿತು. ಸೋಲುವ ಹುಡುಗಿಯಲ್ಲ.
'ನಿಮ್ಮಪ್ಪ ಫ್ಯಾಕ್ಟರಿಗೆ ಮೀಟರು ಲೆಕ್ಕದಲ್ಲಿ ಕಟ್ಟಿದರಲ್ಲ,
ಆ ಕೆಂಪು ಡಬ್ಬಿಯೊಳಗೆ ರೈಲು ಹತ್ತಿ ಬಂದದ್ದು.
ಮಂಜಿಷ್ಠದ ಬೇರಿಗೆ ಮರಳಿದವರು ನೀವು,
ಅದೂ ಪ್ರವಾಸಿಗಳು ಕೇಳತೊಡಗಿದ ಮೇಲೆ.'

ಕಡ್ಡಿ ನಿಂತಿತು.
ಎಳೆಗಳ ಕೆಳಗೆ ಕೋಳಿಯೊಂದು ತಲೆ ತಗ್ಗಿಸಿ ದಾಟಿಹೋಯಿತು.
ಅಕಾ ಕೆಮ್ಮು ಬರುವಷ್ಟು ನಕ್ಕು
ಅವಳ ಬಟ್ಟಲಿಗೆ ಇನ್ನೊಂದು ಗುಟುಕು ಸುರಿದರು.
ಉಳಿದ ಪ್ರಶ್ನೆಗಳನ್ನು ಮಡಿಸಿ ಜೇಬಿಗಿಟ್ಟೆ.

ಸಂಜೆ ಹಂಡೆಯಿಂದ ನಿನ್ನೆಯ ಕಂತೆ ಮೇಲೆ ಬಂತು,
ಹಬೆ, ಹುಳಿವಾಸನೆ, ಮೊಣಕೈವರೆಗೂ ಕೆಂಪು.
ಓಯ್‌ಗುಲ್ ಒಂದು ಗಂಟು ಕತ್ತರಿಸಿದಳು.
ನೂಲಿನಡಿಯಲ್ಲಿ ಬಾದಾಮಿ, ಹುಳು ಬಿಟ್ಟುಹೋದ ಬಿಳಿ.
ಎಡಗಡೆ ಮಾತ್ರ ಬಣ್ಣ ಒಳನುಗ್ಗಿ
ಅರ್ಧ ತಿಂದುಹಾಕಿತ್ತು.

'ಹಾಳಾಯಿತೇ?' ಎಂದೆ.
ಇಬ್ಬರೂ ಬಾಗಿ ನೋಡುತ್ತಿದ್ದರು, ತಲೆಗೆ ತಲೆ ತಾಗುವಂತೆ,
ಒಬ್ಬರ ಮೇಲೊಬ್ಬರು ಮಾತಾಡುತ್ತ, ಜಗಳವೋ ಹಿಗ್ಗೋ.
ನನಗೆ ತಿಳಿಸಿ ಹೇಳಲು
ಯಾರಿಗೂ ಪುರಸೊತ್ತಿರಲಿಲ್ಲ.