ಹದಿನಾಲ್ಕು ಮಿಲಿಮೀಟರ್

ಡರ್ಬನ್ನಿನ ಮೇಲ್ಸೇತುವೆಯ ಅಡಿಯಲ್ಲಿ, ನೆತ್ತಿಯ ಮೇಲೆ ಬಸ್ಸು ಗುಡುಗುವಾಗ,
ಚಿಕ್ಕಮ್ಮ ಮಾಶಾಂಗೆ ತೊಗಟೆ ಮಾರುತ್ತಾಳೆ.
ಗೋಣಿಯ ಮೇಲೆ ಬೇರು, ಗೆಡ್ಡೆ, ಸುರುಳಿ ಸುತ್ತಿದ ಬಳ್ಳಿ,
ನಡುವೆ ಇಸಿಭಾಹಾ.
ನಾಲಿಗೆಗಿಟ್ಟರೆ ಕಾಳುಮೆಣಸು,
ಆಮೇಲೆ ಕಹಿ, ಆಮೇಲೆ
ಮಾತು ಹೊರಡದಷ್ಟು ಉರಿ.
ಅರ್ಧ ಊರು ಅದನ್ನು ಅಗಿದೇ ಕೆಮ್ಮು ಕಳೆದದ್ದು.

ನಾನು ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ
ರಾತ್ರಿಯಿಡೀ ಅಗರ್ ತಟ್ಟೆ ಕಾಯುವವಳು.

ನಾಲ್ಕನೇ ಹಾಸಿಗೆಯ ಮುಜಿ,
ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವನು,
ಕಾಲು ಮುರಿದು ಬಂದ. ಕಾಲು ಕೂಡಿತು.
ರಕ್ತಕ್ಕೆ ಬೂಷ್ಟು ಹಿಡಿಯಿತು.
ನಮ್ಮದೇ ಸೂಜಿಯೋ, ನಮ್ಮದೇ ಕೊಳವೆಯೋ,
ಒಗೆದು ಮಡಿಸಿ ತಂದ ನಮ್ಮದೇ ಹೊದಿಕೆಯೋ,
ಎಲ್ಲಿ ಕೂತಿತ್ತು ಎಂದು ನಾವು ಕೇಳಲಿಲ್ಲ
ಅದೂ ಹೇಳಲಿಲ್ಲ.

ಮೂರು ಮದ್ದು, ಮೂರು ಬಿಲ್ಲೆ.
ತಟ್ಟೆಯೊಳಗಿಟ್ಟು ಮುಚ್ಚಿದೆ.
ಬೆಳಿಗ್ಗೆ ನೋಡಿದರೆ ಬಿಲ್ಲೆಯ ಅಂಚಿಗೇ ಒತ್ತಿ ನಿಂತಿದೆ,
ಹಾಲಿಗೆ ಕೆನೆ ಕಟ್ಟಿದ ಹಾಗೆ,
ಯಾರಪ್ಪನ ಹಂಗೂ ಇಲ್ಲದೆ.

ಆಗ ಚಿಕ್ಕಮ್ಮನ ಹತ್ತಿರ ಹೋದೆ.
ತೊಗಟೆ ಒಂದು ತುಂಡು ಕೊಡು. ಎಲೆಯನ್ನೂ ಕೊಡು.
ನಕ್ಕಳು: ಎಲೆ ಮೇಕೆ ತಿನ್ನುತ್ತೆ ಕಣೇ ಜಕೀತಿ,
ಮನುಷ್ಯರಿಗೆ ತೊಗಟೆ.

ನಾನು ಚಿಕ್ಕವಳಿದ್ದಾಗ ಅವಳ ಬೆನ್ನಿಗೆ ಅಂಟಿ
ಗುಡ್ಡ ಹತ್ತಿದ್ದೆ. ಒಂದು ಮರ
ಸುತ್ತಲೂ ಸುಲಿಸಿಕೊಂಡು ನಿಂತೇ ಸತ್ತಿತ್ತು.
ಅದರ ಬುಡದಲ್ಲಿ ಅವಳು ಒಂದು ಬಿಳಿ ಮಣಿ ಇಟ್ಟಳು,
ಪಕ್ಕದ ಮರಕ್ಕೆ ಕತ್ತಿ ಹಾಕಿದಳು.
ಈಗ ಆ ಗುಡ್ಡದಲ್ಲಿ ಪಕ್ಕದ ಮರ ಇಲ್ಲ.
ಇರುವುದೊಂದು ಗಿಡ, ಅವಳ ಕೋಣೆಯ ಹೊರಗೆ,
ಬಣ್ಣದ ಡಬ್ಬಿಯಲ್ಲಿ, ಮೊಣಕಾಲೆತ್ತರ.
ಅದರಿಂದ ಐದು ಎಲೆ ಕಿತ್ತು ಕೊಟ್ಟಳು,
ಎಣಿಸಿ ಕೊಟ್ಟಳು.

ತೊಗಟೆಯ ಬಿಲ್ಲೆ, ಎಲೆಯ ಬಿಲ್ಲೆ.
ಎರಡರ ಸುತ್ತಲೂ ಬೆಳಿಗ್ಗೆ ಬಯಲು,
ಏನೂ ಬೆಳೆಯದ ಒಂದೊಂದು ದುಂಡು ಬಯಲು.
ಅಳೆದೆ. ಕನ್ನಡಕ ಒರೆಸಿ ಮತ್ತೆ ಅಳೆದೆ.
ತೊಗಟೆ ಹದಿನಾಲ್ಕು. ಎಲೆ ಹದಿನಾಲ್ಕು.
ಅಂಗಿಯ ಗುಂಡಿಯಷ್ಟು.

ಡಾಕ್ಟರ್ ಮೂಡ್ಲಿ ತಟ್ಟೆಯನ್ನು ಬೆಳಕಿಗೆ ಹಿಡಿದರು,
ಬಹಳ ಹೊತ್ತು.
ಸ್ಪಿರಿಟ್ ಸುರಿದರೂ ಬಯಲಾಗುತ್ತೆ, ಜಕೀತಿ.
ತಟ್ಟೆಗೆ ಯಕೃತ್ತಿಲ್ಲ.
ಇನ್ನು ಇಲಿ, ಆಮೇಲೆ ವರ್ಷಗಳು, ಆಮೇಲೆ ದುಡ್ಡು.
ಹೇಳಿ ಮುಗಿಸಿದ ಮೇಲೂ ತಟ್ಟೆ ಕೆಳಗಿಡಲಿಲ್ಲ.

ನಾಲ್ಕನೇ ಹಾಸಿಗೆಗೆ ಗುರುವಾರವೇ ಪರದೆ ಎಳೆದಿದ್ದರು.
ಗೋಡೆ ತೊಳೆದರು, ಮಂಚದ ಕಾಲು ತೊಳೆದರು,
ಶನಿವಾರ ಅಲ್ಲಿ ಬೇರೆಯವರು ಮಲಗಿದರು.

ಸಂಜೆ ಸೇತುವೆಯಡಿ ಚಿಕ್ಕಮ್ಮ ಕೇಳಿದಳು: ಎಷ್ಟು?
ಬೆರಳು ಹೆಬ್ಬೆರಳಿನ ನಡುವೆ ತೋರಿಸಿದೆ.
ಇಷ್ಟೇನಾ?
ಇಷ್ಟು. ಎಲೆಗೂ ಇಷ್ಟೇ.
ಸುಮ್ಮನೆ ಗೋಣಿ ಕೊಡವಿದಳು.
ತೊಗಟೆಯನ್ನೆಲ್ಲ ಒಂದು ಬದಿಗೆ ಸರಿಸಿ
ಖಾಲಿ ಜಾಗ ನೋಡುತ್ತ ಕೂತಳು,
ಸೀಮೆಸುಣ್ಣ ಕೈಯಲ್ಲೇ ಇತ್ತು, ರಟ್ಟು ತೊಡೆಯ ಮೇಲಿತ್ತು.
ಮೇಲೆ ಬಸ್ಸೊಂದು ಹಾದುಹೋಯಿತು.
ಹಾಗಾದರೆ ಹೇಳು, ಅಂದಳು,
ಎಲೆಗೆ ರೇಟು ಎಷ್ಟು ಬರೆಯಲಿ?